ಮೊಣಕಾಲುಮಟ್ಟದ ಕಡಲು

ಅಂಡಮಾನಿಗೆ ಐದು ರಾತ್ರಿ, ಆರು ಹಗಲು. ಬೆಂಗಳೂರಿನ ಯಾವ ಟ್ರಾವೆಲ್ಸ್‌ನವರನ್ನು ಕೇಳಿದರೂ ಹೆಚ್ಚುಕಡಿಮೆ ಒಂದೇ ಪಟ್ಟಿ ಕೈಗಿಡುತ್ತಾರೆ: ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿ, ಹ್ಯಾವ್‌ಲಾಕ್‌ನಲ್ಲಿ ಎರಡು, ನೀಲ್‌ನಲ್ಲಿ ಒಂದು, ಮತ್ತೆ ಪೋರ್ಟ್ ಬ್ಲೇರ್‌ನಲ್ಲಿ ಒಂದು. ಎಲ್‌ಟಿಸಿ ಹಾಕಿ ಹೋಗುವವರಿಗೂ ಇದೇ, ಮಧುಚಂದ್ರಕ್ಕೆ ಹೋಗುವವರಿಗೂ ಇದೇ, ಎರಡು ವರ್ಷದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗುವವರಿಗೂ ಇದೇ. ಕಾಗದದ ಮೇಲೆ ಪಟ್ಟಿ ಅಚ್ಚುಕಟ್ಟಾಗಿದೆ; ಕೊಟ್ಟ ದುಡ್ಡಿಗೆ ಮೂರು ದ್ವೀಪ ಸಿಕ್ಕಿತು ಎಂಬ ಸಮಾಧಾನವೂ ಉಂಟು. ಅದನ್ನೇ ಮಗುವಿನ ಕಡೆಯಿಂದ ಓದಿ ನೋಡಿ. ಐದು ರಾತ್ರಿಯಲ್ಲಿ ನಾಲ್ಕು ಸಲ ಪೆಟ್ಟಿಗೆ ಬಿಚ್ಚಿ ಕಟ್ಟಬೇಕು. ವಿಮಾನವಲ್ಲದೆ ಮೂರು ಸಲ ಹಡಗು ಹತ್ತಬೇಕು. ವಿಮಾನ ನಿಲ್ದಾಣ, ಹೋಟೆಲು, ಜೆಟ್ಟಿ ಇವುಗಳ ನಡುವೆ ಎಂಟು ಸಲ ಗಾಡಿ ಏರಿ ಇಳಿಯಬೇಕು. ಪ್ರತಿ ಹಡಗಿಗೂ ಮೊದಲೇ ಹೋಗಿ ಗುರುತಿನ ಚೀಟಿ ತೋರಿಸಿ, ಲಗೇಜನ್ನು ತಪಾಸಣೆ ಯಂತ್ರಕ್ಕೆ ಹಾಕಿ, ಸಾಲಿನಲ್ಲಿ ನಿಲ್ಲಬೇಕು. ಪೆಟ್ಟಿಗೆ ಕಟ್ಟುವುದೆಂದರೆ ಬಟ್ಟೆ ಮಡಿಸಿಡುವುದಷ್ಟೇ ಅಲ್ಲ. ರಾಗಿ ಸರಿಯ ಡಬ್ಬಿ, ಫ್ಲಾಸ್ಕು, ಅರ್ಧ ಒಣಗಿದ ಚಡ್ಡಿ, ಮರಳು ಮೆತ್ತಿದ ಚಪ್ಪಲಿ, ಮಂಚದ ಕೆಳಗೆ ಉರುಳಿಹೋದ ಆಟಿಕೆ ಕಾರು, ಇಷ್ಟನ್ನೂ ಹುಡುಕಿ ತುಂಬುವಷ್ಟರಲ್ಲಿ ತೊಡಿಸಿದ ಅಂಗಿ ಕಳಚಿಕೊಂಡು ಮಗು ಮತ್ತೆ ಬಚ್ಚಲಿಗೆ ಓಡಿರುತ್ತದೆ.

ಚಿಕ್ಕ ಮಕ್ಕಳನ್ನು ಕರೆದುಕೊಂಡು ದ್ವೀಪಕ್ಕೆ ಹೊರಟವರು 'ಅಲ್ಲಿ ನೋಡಲು ಏನೇನಿದೆ' ಎಂದು ವಿಚಾರಿಸುವ ಮೊದಲು 'ಎಷ್ಟು ಸಲ ಜಾಗ ಬದಲಿಸಬೇಕು' ಎಂದು ವಿಚಾರಿಸಬೇಕು ಎನ್ನುವುದು ಈ ಲೇಖನದ ವಾದ. ಶಾಂತ ದ್ವೀಪ ಎಂದರೆ ಸದ್ದಿಲ್ಲದ ದ್ವೀಪ ಎಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ. ನಾಲ್ಕು ವರ್ಷದ ಮಗು ಜೊತೆಗಿರುವಾಗ ಸದ್ದಿಲ್ಲದಿರುವುದು ಎಲ್ಲಿಯೂ ಸಾಧ್ಯವಿಲ್ಲ ಬಿಡಿ. ಇಲ್ಲಿ ಶಾಂತಿ ಎಂದರೆ ಗಡಿಯಾರದ ಕಾಟವಿಲ್ಲದಿರುವುದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಒಂದೆರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಇದರಲ್ಲಿ ಸೇರಿದೆ. ಅಂದರೆ ಮಗು ಎಚ್ಚರವಾಗಿರುವುದೇ ಅರ್ಧ ದಿನ. ಅದರಲ್ಲಿ ಊಟ, ಸ್ನಾನ, ಹಟ ಕಳೆದರೆ ಉಳಿಯುವುದು ಐದಾರು ಗಂಟೆ. ಹಡಗಿನ ಹೊತ್ತು ಮಧ್ಯಾಹ್ನದ ನಿದ್ದೆಯ ಮೇಲೆ ಬಂದು ಕೂತರೆ ಆ ದಿನ ಮುಗಿದಂತೆಯೇ. ಸಂಜೆ ಸೂರ್ಯಾಸ್ತದ ಎದುರು ಮಗು ರಚ್ಚೆ ಹಿಡಿದು ಅಳುತ್ತಿರುವುದಕ್ಕೆ ಕಾರಣ ಸೂರ್ಯಾಸ್ತವಲ್ಲ, ಮಧ್ಯಾಹ್ನದ ಹಡಗು.

ವಾದಕ್ಕೆ ಉದಾಹರಣೆ ಆ ಪಟ್ಟಿಯಲ್ಲೇ ಇದೆ, ಒಂದೇ ರಾತ್ರಿ ಕೊಟ್ಟು ದಾಟಿಸಿಬಿಡುವ ನೀಲ್. 2018ರ ಡಿಸೆಂಬರ್ ಕೊನೆಯಲ್ಲಿ ಅದಕ್ಕೆ ಶಹೀದ್ ದ್ವೀಪ ಎಂದೂ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ ಎಂದೂ ಹೆಸರಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಜನರ ಬಾಯಲ್ಲಿ ಹಳೆಯ ಹೆಸರುಗಳೇ ಓಡಾಡುತ್ತಿರುವುದರಿಂದ ಇಲ್ಲಿಯೂ ಅವೇ ಇರಲಿ. ನೀಲ್‌ನ ವಿಸ್ತೀರ್ಣ ಸುಮಾರು 14 ಚದರ ಕಿಲೋಮೀಟರ್, ಜನಸಂಖ್ಯೆ ಮೂರು ಸಾವಿರದ ಆಸುಪಾಸು. 1960ರ ದಶಕದಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳನ್ನು ಇಲ್ಲಿ ನೆಲೆಗೊಳಿಸಲಾಯಿತು. ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ ಎಂದು ಹೆಚ್ಚಿನ ಊರುಗಳಿಗೆ ರಾಮಾಯಣದ ಹೆಸರು. ಅಂಡಮಾನಿನವರು ಇದನ್ನು ತರಕಾರಿ ಬುಟ್ಟಿ ಎನ್ನುತ್ತಾರೆ. ಜೆಟ್ಟಿಯಿಂದ ಒಳಗೆ ಹೋದರೆ ಬದನೆ, ಬಾಳೆ, ಅಡಿಕೆ, ಗದ್ದೆ, ಕೊಟ್ಟಿಗೆ ಕಾಣುತ್ತವೆ. ಕಡಲು ಸುತ್ತಲಿದ್ದರೂ ಇದು ಮೂಲತಃ ರೈತರ ಹಳ್ಳಿ; ಹಳ್ಳಿಯ ಹಾಗೆಯೇ ಬೇಗ ಮಲಗುತ್ತದೆ. ಅದರ ಶಾಂತಿಗೆ ಕಾರಣ ಯಾವ ರೆಸಾರ್ಟಿನ ಕಾರ್ಯಕ್ರಮವೂ ಅಲ್ಲ, ಈ ಬೇಸಾಯ. ಅನ್ನ, ಬೇಳೆ, ಆಲೂಗಡ್ಡೆ ಪಲ್ಯ, ಎಳನೀರು ಸಿಗುವ ಕಡೆ ನಮ್ಮ ಮಕ್ಕಳ ಊಟದ ಚಿಂತೆ ಅರ್ಧ ಕಡಿಮೆಯಾಗುತ್ತದೆ ಎನ್ನುವುದನ್ನು ಪ್ರವಾಸಿ ಕೈಪಿಡಿಗಳು ಹೇಳುವುದಿಲ್ಲ.

ಹ್ಯಾವ್‌ಲಾಕ್‌ನೊಂದಿಗೆ ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅದು ನೀಲ್‌ಗಿಂತ ಹಲವು ಪಟ್ಟು ದೊಡ್ಡದು. ಅಲ್ಲಿನ ರಾಧಾನಗರ ಬೀಚನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರ ಎಂದು ಕರೆಯಿತು. 2020ರಲ್ಲಿ ಭಾರತದ ಎಂಟು ತೀರಗಳಿಗೆ ಒಟ್ಟಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ನಮ್ಮ ಪಡುಬಿದ್ರಿ ಮತ್ತು ಕಾಸರಕೋಡಿನ ಜೊತೆ ರಾಧಾನಗರವೂ ಇತ್ತು. ಚೆಲುವಿನಲ್ಲಿ ನೀಲ್‌ನ ಯಾವ ತೀರವೂ ಅದಕ್ಕೆ ಸಾಟಿಯಲ್ಲ ಎಂದು ಒಪ್ಪಿಕೊಳ್ಳೋಣ. ಆದರೆ ಜೆಟ್ಟಿ ಮತ್ತು ಹೆಚ್ಚಿನ ವಸತಿಗಳು ಇರುವುದು ದ್ವೀಪದ ಪೂರ್ವ, ಉತ್ತರದ ಕಡೆ. ರಾಧಾನಗರ ಇರುವುದು ಪಶ್ಚಿಮಕ್ಕೆ, ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ. ದೊಡ್ಡವರಿಗೆ ಅದು ಒಂದು ಸವಾರಿ. ಮಗುವಿಗೆ ಹೋಗುವಾಗ ಒಂದು ತೂಕಡಿಕೆ, ಬರುವಾಗ ಒದ್ದೆ ಮೈಯಲ್ಲಿ ಇನ್ನೊಂದು. ನೀಲ್‌ನಲ್ಲಿ ಭರತಪುರದ ತೀರ ಜೆಟ್ಟಿಯ ಪಕ್ಕದಲ್ಲೇ ಇದೆ. ಲಕ್ಷ್ಮಣಪುರ ಎರಡು ಕಿಲೋಮೀಟರ್ ಆಚೆ. ಅತಿ ದೂರದ ಸೀತಾಪುರಕ್ಕೆ ಐದು ಕಿಲೋಮೀಟರ್. ಚಡ್ಡಿ ಒದ್ದೆ ಮಾಡಿಕೊಂಡ ಮಗುವನ್ನು ಹತ್ತು ನಿಮಿಷದಲ್ಲಿ ಕೋಣೆಗೆ ತಂದು ಮಲಗಿಸಬಹುದು, ಎದ್ದ ಮೇಲೆ ಮತ್ತೆ ಕರೆದುಕೊಂಡು ಹೋಗಬಹುದು. ಕಡಲತೀರದ ಗುಣಮಟ್ಟಕ್ಕಿಂತ ಈ 'ಮತ್ತೆ' ಮುಖ್ಯ.

ಇನ್ನು ನೀರಿನ ವಿಚಾರ. ಇದರಲ್ಲಿ ತುಸು ಹೊತ್ತು ನಿಲ್ಲಲೇಬೇಕು. 2021ರಲ್ಲಿ ಜಗತ್ತಿನಲ್ಲಿ ಅಂದಾಜು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದೂ ಅವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಐದು ವರ್ಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಹೇಳುತ್ತದೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡದ್ದು ಓದುಗರಿಗೆ ನೆನಪಿರಬಹುದು. ನಮ್ಮ ಕರಾವಳಿಯ ಹೆಚ್ಚಿನ ತೀರಗಳು ತೆರೆದ ಅರಬ್ಬಿ ಸಮುದ್ರಕ್ಕೆ ಎದೆಯೊಡ್ಡಿ ನಿಂತಿವೆ. ಅಲೆ ನೇರವಾಗಿ ಬಂದು ಬಡಿಯುತ್ತದೆ, ಹಿಂದಕ್ಕೆ ಹೋಗುವ ಸೆಳೆತ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಹವಳದ ದಿಬ್ಬವಿರುವ ತೀರದಲ್ಲಿ ಆಗುವುದೇ ಬೇರೆ. ಅಲೆ ದಡಕ್ಕೆ ಬರುವ ಮೊದಲೇ ದೂರದ ದಿಬ್ಬದ ಮೇಲೆ ಮುರಿದು ಬೀಳುತ್ತದೆ. ಹಲವು ಸಮುದ್ರಗಳ ಅಳತೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹವಳದ ದಿಬ್ಬಗಳು ಅಲೆಯ ಶಕ್ತಿಯನ್ನು ಸರಾಸರಿ ಶೇ 97ರಷ್ಟು ತಗ್ಗಿಸುತ್ತವೆ ಎಂದು ಲೆಕ್ಕ ಹಾಕಿತು. ಭರತಪುರದ ತೀರದಲ್ಲಿ ಬಹಳ ದೂರದವರೆಗೂ ನೀರು ದೊಡ್ಡವರ ಮೊಣಕಾಲು ದಾಟದೇ ಇರುವ ಹೊತ್ತು ಉಂಟು. ಹಾಗೆಂದು ಕಣ್ಣು ಆಚೀಚೆ ಮಾಡುವಂತಿಲ್ಲ. ಎರಡು ವರ್ಷದ ಮಗು ಬಕೆಟ್ ನೀರಿನಲ್ಲೂ ಮುಳುಗಬಲ್ಲದು. ವ್ಯತ್ಯಾಸ ಇಷ್ಟೇ: ಅಲೆಯ ಸೆಳೆತ ಕಡಿಮೆ ಇರುವ ಕಡೆ ಮಗುವಿನ ಕೈ ಹಿಡಿದ ತಂದೆ ಅಥವಾ ತಾಯಿ ತಮ್ಮ ಕಾಲ ಮೇಲೆ ಗಟ್ಟಿಯಾಗಿ ನಿಂತಿರುತ್ತಾರೆ.

ಈ ಮೊಣಕಾಲುಮಟ್ಟದ ಕಡಲಿಗೂ ಹೊತ್ತು ಗೊತ್ತು ಉಂಟು. ಅಂಡಮಾನಿನಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಮ್ಮ ಕರಾವಳಿಯವರ ಮಾತಿನಲ್ಲಿ ಭರತ ಎಂದರೆ ಉಬ್ಬರ, ಹಾಗಾಗಿ ಭರತಪುರ ಎಂಬ ಹೆಸರು ಅವರ ಕಿವಿಗೆ ಬೇರೊಂದು ಅರ್ಥವನ್ನೂ ಕೊಡಬಹುದು. ಇಳಿತದ ಹೊತ್ತಿಗೆ ಹೋದರೆ ಅದೇ ಭರತಪುರದಲ್ಲಿ ನೀರು ಹಿಂದೆ ಸರಿದು ಹವಳದ ಚೂರು, ಪಾಚಿ, ಕೆಸರು ಮೇಲೆದ್ದಿರುತ್ತವೆ. ಆಡಲು ನೀರೇ ಇಲ್ಲ. 'ನೀಲ್‌ನಲ್ಲಿ ಏನೂ ಇಲ್ಲ, ಬರೀ ಕಲ್ಲು' ಎಂದು ಗೊಣಗುವವರಲ್ಲಿ ಹಲವರು ಒಂದೇ ರಾತ್ರಿಗೆ ಬಂದು ಇಳಿತದ ಹೊತ್ತಿಗೆ ತೀರಕ್ಕೆ ಹೋದವರಿರಬೇಕು ಎಂದು ನನ್ನ ಗುಮಾನಿ. ನಾಲ್ಕು ದಿನ ಇರುವವರಿಗೆ ಈ ತೊಂದರೆಯಿಲ್ಲ. ಒಂದಲ್ಲ ಒಂದು ಹೊತ್ತು ಮಗುವಿನ ಎಚ್ಚರದ ಜೊತೆ ಹೊಂದಿಕೊಳ್ಳುತ್ತದೆ. ಟಿಕೆಟ್ ಮಾಡಿಸುವ ಮೊದಲು ಅಡುಗೆಮನೆಯ ಗೋಡೆಯ ಪಂಚಾಂಗದ ಕ್ಯಾಲೆಂಡರನ್ನು ಒಮ್ಮೆ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಬೆನ್ನಿಗೆ ಉಬ್ಬರವೂ ಜೋರು, ಇಳಿತವೂ ಜೋರು; ಅಷ್ಟಮಿ ನವಮಿಯ ಆಸುಪಾಸಿನಲ್ಲಿ ಏರಿಳಿತದ ಅಂತರ ಕಡಿಮೆ. ಈಗಷ್ಟೇ ನಡೆಯಲು ಕಲಿತ ಮಗುವಿದ್ದರೆ ಅಷ್ಟಮಿಯ ವಾರ ವಾಸಿ. ಐದಾರು ವರ್ಷದ, ಪ್ರಶ್ನೆ ಕೇಳುವ ಮಗುವಿದ್ದರೆ ಹುಣ್ಣಿಮೆಯ ವಾರವೇ ಇರಲಿ. ಲಕ್ಷ್ಮಣಪುರದ ಎರಡನೇ ತೀರದಲ್ಲಿ, ಕಲ್ಲಿನ ನೈಸರ್ಗಿಕ ಸೇತುವೆಯ ಬುಡದಲ್ಲಿ, ಇಳಿತವಾದಾಗ ಉಳಿಯುವ ಗುಂಡಿಗಳಲ್ಲಿ ಪುಟ್ಟ ಮೀನು, ಏಡಿ, ಸೌತೆಕಾಯಿಯಂತೆ ಬಿದ್ದುಕೊಂಡ ಕಡಲಜೀವಿಗಳು ಸಿಕ್ಕಿಹಾಕಿಕೊಂಡಿರುತ್ತವೆ. ಅಲ್ಲಿಗೆ ರಬ್ಬರ್ ಚಪ್ಪಲಿಯಿಲ್ಲದೆ ಹೋಗುವಂತಿಲ್ಲ. ಹವಳ ಕೊಯ್ದ ಗಾಯ ಬೇಗ ಮಾಯುವುದಿಲ್ಲ.

ಸೂರ್ಯನ ಲೆಕ್ಕವೂ ಇದೆ, ಇದನ್ನು ಬಹಳ ಜನ ಗಮನಿಸಿಲ್ಲ. ನೀಲ್ ಇರುವುದು ಪೂರ್ವ ರೇಖಾಂಶ 93 ಡಿಗ್ರಿಯಲ್ಲಿ, ಬೆಂಗಳೂರು 77.6ರಲ್ಲಿ. ಗಡಿಯಾರ ಎರಡೂ ಕಡೆ ಒಂದೇ, ಸೂರ್ಯ ಮಾತ್ರ ಅಲ್ಲಿ ಒಂದು ಗಂಟೆ ಮುಂದೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಐದೂವರೆಗೆ ಹಗಲಾಗಿ ಸಂಜೆ ಐದಕ್ಕೇ ಸೂರ್ಯ ಮುಳುಗುತ್ತಾನೆ. ನಡುನೆತ್ತಿಗೆ ಬರುವುದು ಹನ್ನೊಂದೂಕಾಲರ ಸುಮಾರಿಗೆ. ಬೆಂಗಳೂರಿನ ಅಭ್ಯಾಸದಂತೆ ತಿಂಡಿ ಮುಗಿಸಿ, ಹತ್ತು ಗಂಟೆಗೆ ನಿಧಾನವಾಗಿ ಬೀಚಿಗೆ ಹೊರಡುವವರು ಮಗುವನ್ನು ಹೆಚ್ಚುಕಡಿಮೆ ಸುಡುಬಿಸಿಲಿಗೇ ಇಳಿಸುತ್ತಾರೆ. ಐದೂವರೆಯಿಂದ ಒಂಬತ್ತರವರೆಗೆ ತೀರ, ಆಮೇಲೆ ತಿಂಡಿ, ನೆರಳು, ನಿದ್ದೆ, ಮೂರು ಗಂಟೆಯ ಮೇಲೆ ಮತ್ತೆ ತೀರ, ಏಳಕ್ಕೆ ಮಲಗುವುದು ಎಂದು ದಿನವನ್ನು ಜೋಡಿಸಿಕೊಂಡರೆ ಬಿಸಿಲೂ ತಪ್ಪುತ್ತದೆ, ಜನಜಂಗುಳಿಯೂ ತಪ್ಪುತ್ತದೆ. ರಜೆಯಲ್ಲಿ ಬೆಳಿಗ್ಗೆ ಹೊದ್ದು ಮಲಗಬೇಕೆನ್ನುವ ದೊಡ್ಡವರಿಗೆ ಇದು ಶಿಕ್ಷೆಯಂತೆ ಕೇಳಿಸೀತು. ಆದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೆಳಿಗ್ಗೆ ಹೊದ್ದು ಮಲಗುವವರು ಯಾರಿದ್ದಾರೆ?

'ನಾಲ್ಕು ದಿನ ಒಂದೇ ಕಡೆ ಇದ್ದರೆ ಮಕ್ಕಳಿಗೆ ಬೋರ್ ಆಗುವುದಿಲ್ಲವೇ' ಎನ್ನುವುದು ಮೊದಲು ಬರುವ ಆಕ್ಷೇಪ. ಒಂದೇ ಕತೆಯನ್ನು ಮೂವತ್ತು ರಾತ್ರಿ ಹೇಳಿಸಿಕೊಂಡು, ಒಂದು ಶಬ್ದ ಬದಲಾದರೂ ತಿದ್ದುವ ಮಕ್ಕಳ ಬಗ್ಗೆ ಈ ಪ್ರಶ್ನೆ. ನೀಲ್‌ನ ಯಾವುದೇ ತೀರದಲ್ಲಿ ಮರಳಿನ ಮೇಲೆ ಬೆಳಗಿನ ಹೊತ್ತು ಹೊಲಿಗೆ ಹಾಕಿದಂಥ ಸಣ್ಣ ಗೆರೆಗಳು ಓಡಿರುತ್ತವೆ. ಗೆರೆಯ ಕೊನೆಯಲ್ಲಿ ಒಂದು ಚಿಪ್ಪು. ಮುಟ್ಟಹೋದರೆ ಚಿಪ್ಪು ಸ್ತಬ್ಧ. ಒಂದೆರಡು ನಿಮಿಷ ಉಸಿರು ಬಿಗಿಹಿಡಿದು ಕೂತರೆ ಕೆಂಪುಗಾಲು ಒಂದೊಂದಾಗಿ ಹೊರಬಂದು, ಕಡ್ಡಿಯಂಥ ಕಣ್ಣು ಎದ್ದು, ಚಿಪ್ಪೇ ನಡೆಯತೊಡಗುತ್ತದೆ. ಇದು ಹರ್ಮಿಟ್ ಏಡಿ. ಹಿಂಬದಿ ಮೆತ್ತಗಿರುವುದರಿಂದ ಸತ್ತ ಶಂಖದ ಹುಳುಗಳ ಚಿಪ್ಪನ್ನು ಮನೆ ಮಾಡಿಕೊಳ್ಳುತ್ತದೆ. ಮೈ ಬೆಳೆದ ಹಾಗೆ ದೊಡ್ಡ ಮನೆ ಹುಡುಕಬೇಕು. ದೊಡ್ಡದೊಂದು ಚಿಪ್ಪು ಸಿಕ್ಕಾಗ ಹಲವು ಏಡಿಗಳು ಗಾತ್ರದ ಪ್ರಕಾರ ಸಾಲುಗಟ್ಟಿ ನಿಂತು, ಮುಂದಿನದು ಬಿಟ್ಟ ಮನೆಗೆ ಹಿಂದಿನದು ಸೇರಿಕೊಳ್ಳುವುದನ್ನು ಪ್ರಾಣಿಶಾಸ್ತ್ರಜ್ಞರು ದಾಖಲಿಸಿದ್ದಾರೆ. ಇದನ್ನು ನೋಡಲು ಟಿಕೆಟ್ಟಿಲ್ಲ, ಹೊತ್ತು ಗೊತ್ತಿಲ್ಲ. ಬೇಕಾದ್ದು ಎರಡು ನಿಮಿಷ ಸುಮ್ಮನೆ ಕೂರುವ ವ್ಯವಧಾನ. 'ಬೇಗ ನಡೀ, ಹಡಗು ತಪ್ಪತ್ತೆ' ಎಂಬ ಮಾತು ಕೇಳಿಸದ ಕಡೆ ಮಾತ್ರ ಅದು ಸಿಗುತ್ತದೆ. ಬೋರ್ ಆಗುವುದು ದೊಡ್ಡವರಿಗೆ. ಅದನ್ನು ಮಕ್ಕಳ ತಲೆಗೆ ಕಟ್ಟುವುದು ನಮ್ಮ ರೂಢಿ.

ದೊಡ್ಡವರ ನಷ್ಟವೂ ಸಣ್ಣದಲ್ಲ, ಅದನ್ನು ಮುಚ್ಚಿಡುವುದು ಬೇಡ. ಇಷ್ಟು ದೂರ, ಇಷ್ಟು ದುಡ್ಡು ಸುರಿದು ಹೋಗಿ ರಾಧಾನಗರ ನೋಡದೆ ಬರುವುದೇ? ಸೆಲ್ಯುಲರ್ ಜೈಲು? 1906ರಲ್ಲಿ ಪೂರ್ಣಗೊಂಡ, ಏಳು ಕೈಗಳಾಗಿ ಚಾಚಿದ್ದ ಆ ಕಟ್ಟಡದಲ್ಲಿ ಈಗ ಉಳಿದಿರುವುದು ಮೂರು. ಅದರ ಒಂದು ಕೋಣೆಯಲ್ಲಿ ಐದು ನಿಮಿಷ ನಿಂತು ಬರುವುದು ಯಾವ ಭಾರತೀಯನಿಗೂ ದೊಡ್ಡ ಅನುಭವ. ಆದರೆ ಅದು ಓದು, ಬರಹ, ಸ್ವಾತಂತ್ರ್ಯ ಹೋರಾಟದ ಕಲ್ಪನೆ ಬಂದ ಮೇಲೆ ಸಿಗುವ ಅನುಭವ. ಮೂರು ವರ್ಷದ ಮಗುವಿಗೆ ಅದು ಓಡಲು ಉದ್ದನೆಯ ಪಡಸಾಲೆ, ಅಷ್ಟೇ. ಓಡಬೇಡ ಎಂದು ಗದರಿಸುವುದರಲ್ಲಿ ಅಪ್ಪ ಅಮ್ಮನೂ ಏನನ್ನೂ ನೋಡಿರುವುದಿಲ್ಲ. ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ಮತ್ತೆ ಬರಬಹುದು. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನದಲ್ಲಿ ಮೂರು ಗಂಟೆಯೂ ಬೇಡ. ಬದುಕಿನಲ್ಲಿ ಒಮ್ಮೆ ಮಾತ್ರ ಹೋಗಬಹುದಾದ ಜಾಗವಾಗಿ ಅಂಡಮಾನ್ ಈಗ ಉಳಿದಿಲ್ಲ. ಒಂದೇ ಸಲಕ್ಕೆ ಎಲ್ಲವನ್ನೂ ಬಾಚಿಕೊಳ್ಳುವ ಆಸೆ ಹಳೆಯ ಹಡಗಿನ ಕಾಲದ್ದು.

ಆಸ್ಪತ್ರೆಯ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ನೀಲ್‌ನಲ್ಲಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರ. ದೊಡ್ಡ ಆಸ್ಪತ್ರೆ ಬೇಕೆಂದರೆ ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಗೇ ಹೋಗಬೇಕು, ನಡುವೆ ಒಂದೆರಡು ಗಂಟೆಯ ಕಡಲ ಹಾದಿ. ಜ್ವರ, ವಾಂತಿ, ಭೇದಿಗೆ ಮಗುವಿನ ತೂಕಕ್ಕೆ ತಕ್ಕ ಔಷಧವನ್ನು ಮಕ್ಕಳ ವೈದ್ಯರಲ್ಲಿ ಬರೆಸಿಕೊಂಡು, ಓಆರ್‌ಎಸ್ ಪೊಟ್ಟಣಗಳ ಸಮೇತ ಮನೆಯಿಂದಲೇ ಒಯ್ದರೆ ಸಾಮಾನ್ಯ ತೊಂದರೆಗಳನ್ನು ನಿಭಾಯಿಸಬಹುದು. ಉಬ್ಬಸ, ಫಿಟ್ಸ್ ಮುಂತಾಗಿ ಯಾವಾಗ ಬೇಕಾದರೂ ತುರ್ತು ಚಿಕಿತ್ಸೆ ಬೇಕಾಗುವ ಮಗುವಿದ್ದರೆ ನನ್ನ ವಾದ ಅಲ್ಲಿಗೆ ನಿಲ್ಲುತ್ತದೆ. ಅವರು ಮಣಿಪಾಲವೋ ಮಂಗಳೂರೋ ಕೈಗೆಟಕುವಂತಿರುವ ಉಡುಪಿ ಕಡೆಯ ತೀರವನ್ನೇ ಆರಿಸಲಿ. ಈ ಕಾರಣಕ್ಕೇ ಶಾಂತಿಗೂ ಒಂದು ಮಿತಿ ಇಟ್ಟುಕೊಳ್ಳಬೇಕು. ಅಂಡಮಾನಿನಲ್ಲೇ ನೀಲ್‌ಗಿಂತ ನಿಶ್ಶಬ್ದ ದ್ವೀಪಗಳಿವೆ. ಲಾಂಗ್ ಐಲ್ಯಾಂಡ್ ಇದೆ, ಲಿಟಲ್ ಅಂಡಮಾನ್ ಇದೆ. ಆದರೆ ಅಲ್ಲಿಗೆ ಹಡಗಿನಲ್ಲಿ ಬಹಳ ಹೊತ್ತು, ಹಡಗುಗಳೂ ವಿರಳ. ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಹಡಗು ಬರುವ, ವೈದ್ಯರಿರುವ ದ್ವೀಪಕ್ಕಿಂತ ಆಚೆ ಚಿಕ್ಕ ಮಕ್ಕಳೊಂದಿಗೆ ಹೋಗುವುದು ಸಾಹಸವಾದೀತು, ರಜೆಯಾಗದು.

ಸಿಕ್ಕಿಹಾಕಿಕೊಂಡರೆ? ಹಾಗೆ ಆದದ್ದುಂಟು. 2016ರ ಡಿಸೆಂಬರ್ ಮೊದಲ ವಾರ, ಮುಂದೆ ವರ್ದಾ ಚಂಡಮಾರುತವಾಗಿ ಚೆನ್ನೈಗೆ ಅಪ್ಪಳಿಸಿದ ವಾಯುಭಾರ ಕುಸಿತ ಅಂಡಮಾನಿನ ಹತ್ತಿರವಿದ್ದಾಗ ಹಡಗುಗಳು ನಿಂತು, ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಉಳಿಯಬೇಕಾಯಿತು. ಕೊನೆಗೆ ನೌಕಾಪಡೆಯ ಹಡಗುಗಳು ಬಂದು ಕರೆದೊಯ್ದವು. ಇದನ್ನು ದ್ವೀಪಕ್ಕೇ ಹೋಗಬಾರದೆಂಬುದಕ್ಕೆ ಸಾಕ್ಷಿಯಾಗಿ ಬಳಸುವವರಿದ್ದಾರೆ. ನನಗೆ ಕಾಣುವುದು ಬೇರೆ ಎರಡು ಸಂಗತಿ. ಮೊದಲನೆಯದು ಋತು. ಅಂಡಮಾನಿಗೆ ಮೇ ತಿಂಗಳಲ್ಲಿ ಮುಂಗಾರು ಇಳಿಯುತ್ತದೆ, ಅಕ್ಟೋಬರ್ ನವೆಂಬರ್‌ನಲ್ಲಿ ಹಿಂಗಾರು, ಆ ಹೊತ್ತಿಗೇ ಬಂಗಾಳ ಕೊಲ್ಲಿಯ ಚಂಡಮಾರುತಗಳು. ನಮ್ಮ ದಸರಾ ರಜೆ ಇದರ ನಡುವೆ ಬೀಳುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ದೇಶದ ಅರ್ಧ ಜನ ಅಲ್ಲೇ ಇರುತ್ತಾರೆ. ಕಡಲು ಶಾಂತವಾಗಿರುವುದು ಫೆಬ್ರುವರಿಯಿಂದ ಏಪ್ರಿಲ್ ಮಧ್ಯದವರೆಗೆ. ಶಾಲೆಗೆ ಸೇರದ ಮಕ್ಕಳಿರುವವರಿಗೆ ಈ ತಿಂಗಳುಗಳು ಮುಕ್ತವಾಗಿವೆ; ಒಂದನೇ ತರಗತಿಗೆ ಸೇರಿದ ಮೇಲೆ ಈ ಸ್ವಾತಂತ್ರ್ಯ ಮತ್ತೆ ಸಿಗುವುದಿಲ್ಲ. ಎರಡನೆಯದು, ಹಡಗು ತಪ್ಪಿದಾಗ ಹೆಚ್ಚು ಪೆಟ್ಟು ತಿನ್ನುವುದು ಮೂರು ಹಡಗಿನ ಪಟ್ಟಿ ಹಿಡಿದವರೇ. ಒಂದು ಕೊಂಡಿ ಕಳಚಿದರೆ ಮುಂದಿನ ಹೋಟೆಲು, ಅದರ ಮುಂದಿನ ಹಡಗು, ಕೊನೆಗೆ ವಿಮಾನ ಎಲ್ಲವೂ ಕಳಚುತ್ತವೆ. ಹೋಗಲೊಂದು ಬರಲೊಂದು ಹಡಗು, ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ವಾಸ ಎಂದು ಇಟ್ಟುಕೊಂಡವರಿಗೆ ಒಂದು ದಿನದ ಏರುಪೇರು ದೊಡ್ಡದಲ್ಲ.

ಹಡಗಿನ ಓಕರಿಕೆಗೆ ಹೆದರುವವರಿಗೆ ಒಂದು ಸಮಾಧಾನ: ಎರಡು ವರ್ಷದೊಳಗಿನ ಮಕ್ಕಳನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕಾಡುವುದು ಶಾಲೆಗೆ ಹೋಗುವ ವಯಸ್ಸಿನವರನ್ನು, ಮತ್ತು ಅವರ ಅಮ್ಮಂದಿರನ್ನು.

'ನಮ್ಮದೇ ಕಡಲಿರುವಾಗ ಅಷ್ಟು ದೂರ ಯಾಕೆ' ಎಂಬ ಮಾತಿನಲ್ಲೂ ತಿರುಳಿದೆ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಕಂಬಗಳ ಅಪರೂಪದ ಜಾಗ. ಆದರೆ ಅಲ್ಲಿ ರಾತ್ರಿ ತಂಗುವಂತಿಲ್ಲ, ಬಂಡೆಗಳ ನಡುವೆ ಮಕ್ಕಳನ್ನು ನೀರಿಗಿಳಿಸುವಂತಿಲ್ಲ, ಮಳೆಗಾಲದಲ್ಲಿ ದೋಣಿಯೂ ಇಲ್ಲ. ಮುರುಡೇಶ್ವರದ ಆಚೆಯ ನೇತ್ರಾಣಿ ಸ್ಕೂಬಾದವರದ್ದು. ವಾಸಕ್ಕೆ, ನೀರಿಗೆ ಎರಡಕ್ಕೂ ನೀಲ್‌ಗೆ ನಿಜವಾದ ಪೈಪೋಟಿ ಕೊಡುವುದು ಲಕ್ಷದ್ವೀಪ. ನೀರಿನ ಮಟ್ಟಿಗೆ ಅದು ನೀಲ್‌ಗಿಂತ ಒಂದು ಕೈ ಮೇಲು. ಕದಮತ್, ಬಂಗಾರಂಗಳ ಸುತ್ತ ಹವಳದ ದಿಬ್ಬ ಕೋಟೆಯಂತೆ ನಿಂತು ಒಳಗಿನ ಲಗೂನ್ ಕೆರೆಯ ಹಾಗೆ ತಣ್ಣಗಿರುತ್ತದೆ. ಬಂಗಾರಂ ಬಿಟ್ಟರೆ ಮದ್ಯ ಸಿಗದ ಕಾರಣ ಸಂಜೆಗಳೂ ಸಪ್ಪಳವಿಲ್ಲದೆ ಕಳೆಯುತ್ತವೆ. 2024ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನವೂ ಶುರುವಾಯಿತು. ತೊಡಕು ಇರುವುದು ಪ್ರವೇಶ ಪರವಾನಗಿ, ಬೆರಳೆಣಿಕೆಯ ವಸತಿ ಮತ್ತು ಅಗತ್ತಿಯಿಂದ ಮುಂದಿನ ದೋಣಿಯಲ್ಲಿ. ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ಒಂದು ಇಡೀ ರಾತ್ರಿ ಕಡಲ ಮೇಲೆ. ಪರವಾನಗಿ, ಕೋಣೆ, ದೋಣಿ ಮೂರೂ ಒಟ್ಟಿಗೆ ಕೂಡಿಬಂದರೆ ಲಕ್ಷದ್ವೀಪಕ್ಕೇ ಹೋಗಿ ಎನ್ನುತ್ತೇನೆ. ಮೂರೂ ಕೂಡಿಬರುವುದು ಕಷ್ಟವಾದ್ದರಿಂದಲೇ ನೀಲ್‌ನ ಮಾತು.

ಆ ನೀಲ್ ಕೂಡ ಸ್ವರ್ಗವೇನಲ್ಲ. ಹಗಲಿನ ನಡುಹೊತ್ತು ಭರತಪುರದಲ್ಲಿ ಜೆಟ್ ಸ್ಕೀ, ಗಾಜಿನ ತಳದ ದೋಣಿ, ಚಾಟ್ ಅಂಗಡಿಗಳ ಗದ್ದಲ ಸಾಕಷ್ಟಿರುತ್ತದೆ. ನಸುಕಿನಲ್ಲೂ ಇಳಿಹೊತ್ತಿನಲ್ಲೂ ಅದು ಬೇರೆಯೇ ಊರು. ಸಂಜೆ ಮರಳುನೊಣಗಳು ಕಚ್ಚುತ್ತವೆ, ದದ್ದುಗಳು ವಾರಗಟ್ಟಲೆ ತುರಿಸುತ್ತವೆ. ಮೈತುಂಬ ಬಟ್ಟೆ, ಕೂರಲು ಚಾಪೆ ಬೇಕು. ಅಂಡಮಾನಿನ ನೀರಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲಿ ವಿದೇಶಿ ಪ್ರವಾಸಿಯೊಬ್ಬರು ಬಲಿಯಾದರು. ತೊರೆ ಕಡಲು ಸೇರುವ ಕಡೆ, ಕಾಂಡ್ಲಾ ಪೊದೆಗಳ ಪಕ್ಕ, ಕತ್ತಲಾಗುವ ಹೊತ್ತು ನೀರಿಗಿಳಿಯಬಾರದು. ಎಚ್ಚರಿಕೆಯ ಫಲಕಗಳನ್ನು ಅಲಂಕಾರಕ್ಕೆ ನೆಟ್ಟಿಲ್ಲ. ಮೊಬೈಲ್ ವಿಷಯದಲ್ಲೂ ನೀಲ್ ಹಿಂದೆ: 2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಕಡಲಡಿಯ ಕೇಬಲ್ ಬಂದಾಗ ಪೋರ್ಟ್ ಬ್ಲೇರ್ ಜೊತೆ ಸಂಪರ್ಕ ಪಡೆದ ಏಳು ದ್ವೀಪಗಳಲ್ಲಿ ಹ್ಯಾವ್‌ಲಾಕ್ ಇತ್ತು, ನೀಲ್ ಇರಲಿಲ್ಲ. ರಜೆಯಲ್ಲೂ ಆಫೀಸಿನ ಮೀಟಿಂಗಿಗೆ ಕೂರಬೇಕಾದವರು ಇದನ್ನು ಕೊರತೆ ಎಂದು ಬರೆದುಕೊಳ್ಳಲಿ. ಊಟದ ತಟ್ಟೆಯ ಮುಂದೆ ಯೂಟ್ಯೂಬ್ ಇಲ್ಲದೆ ಬಾಯಿ ತೆರೆಯದ ಮಗುವಿನ ಪೋಷಕರಿಗೆ ಮೊದಲ ದಿನ ಕಷ್ಟ, ಮೂರನೆಯ ದಿನದ ಹೊತ್ತಿಗೆ ಅದೇ ಲಾಭ. ಒಂದೇ ರಾತ್ರಿ ಇದ್ದು ಬರುವವರಿಗೆ ಆ ಮೂರನೆಯ ದಿನವೇ ಇಲ್ಲ.

ಇಂಥ ಲೇಖನಗಳೇ ಶಾಂತ ದ್ವೀಪಗಳನ್ನು ಕೆಡಿಸುತ್ತವೆ ಎಂಬ ಆಪಾದನೆಯನ್ನು ಪೂರ್ತಿ ತಳ್ಳಿಹಾಕಲಾರೆ. ಸಿಹಿನೀರಿಗೆ ಮಳೆಯನ್ನೇ ನಂಬಿದ ಮೂರು ಸಾವಿರ ಜನರ ದ್ವೀಪಕ್ಕೆ ಒಬ್ಬೊಬ್ಬ ಅತಿಥಿಯೂ ಹೊರೆ. ಆದರೆ ನಾಲ್ಕು ಕುಟುಂಬಗಳು ಒಂದೊಂದು ರಾತ್ರಿ ಇದ್ದು ಹೋಗುವುದಕ್ಕೂ ಒಂದು ಕುಟುಂಬ ನಾಲ್ಕು ರಾತ್ರಿ ಇರುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಹಾಸಿಗೆ ಬಟ್ಟೆ ಒಗೆಯುವುದು ಕಡಿಮೆ, ಜೆಟ್ಟಿಯ ಓಡಾಟ ಕಡಿಮೆ, ಎಳನೀರಿನವನಿಗೆ ಮಗುವಿನ ಹೆಸರು ಗೊತ್ತಾಗುವಷ್ಟು ವ್ಯಾಪಾರ. ದ್ವೀಪದಿಂದ ತರುವುದಕ್ಕೂ ಒಂದು ಮಿತಿ ಇದೆ. ಹವಳ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಪೋರ್ಟ್ ಬ್ಲೇರ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹವಳ, ಚಿಪ್ಪು ಕಂಡರೆ ಪೆಟ್ಟಿಗೆ ಬಿಚ್ಚಿಸಿ ತೆಗೆಸುತ್ತಾರೆ, ಮಗು ಅಲ್ಲೇ ನೆಲಕ್ಕೆ ಬಿದ್ದು ಹೊರಳುತ್ತದೆ. ಅದಕ್ಕಿಂತ ಹೊರಡುವ ಹಿಂದಿನ ಸಂಜೆ ಚಡ್ಡಿಯ ಜೇಬು, ಬಕೆಟ್ಟು, ಕಿಟಕಿಯ ಕಟ್ಟೆ ಎಲ್ಲ ತಡಕಿ, ನಾಲ್ಕು ದಿನ ಕೂಡಿಟ್ಟ ಚಿಪ್ಪುಗಳನ್ನು ಮಗುವಿನ ಕೈಯಿಂದಲೇ ಉಬ್ಬರದ ಗೆರೆಯ ಮೇಲೆ ಸಾಲಾಗಿ ಇಡಿಸುವುದು ವಾಸಿ. ಬೆಳಿಗ್ಗೆ ಹಡಗಿಗೆ ಮೊದಲು ಹೋಗಿ ನೋಡಿದರೆ ಒಂದೆರಡು ಚಿಪ್ಪು ಇಟ್ಟ ಜಾಗದಲ್ಲಿ ಇರುವುದಿಲ್ಲ. ಅಲ್ಲಿಂದ ಪೊದೆಯ ಕಡೆಗೆ ಹೊಲಿಗೆ ಹಾಕಿದಂಥ ಸಣ್ಣ ಗೆರೆ ಓಡಿರುತ್ತದೆ.